ಸರಸ್ವತಿ ನಗರದ ಡಬ್ಬಿ ದುಬೈಗೆ ಹೊರಟಿತು!

ಡಿಸೆಂಬರ್ ತಿಂಗಳ ಒಂದು ಸಂಜೆ. ಹರಿಹರದಿಂದ ದಾವಣಗೆರೆಗೆ ಬರುವ ಬಸ್ಸು. ಕಾಲಿಡಲು ಜಾಗವಿಲ್ಲ. ಅಂಥಾದ್ದರಲ್ಲಿ ಹಿರಿಯ ಹೆಣ್ಣುಮಗಳೊಬ್ಬರು ದೊಡ್ಡ ತಗಡಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಕೂಸನ್ನು ಹಿಡಿದಂತೆ ಹಿಡಿದು ಕೂತಿದ್ದರು. ಪಕ್ಕದಲ್ಲಿ ಅವರ ಯಜಮಾನರು.

'ಅದನ್ನ ಕೆಳಗಿಡ್ರಮ್ಮಾ' ಎಂದ ಕಂಡಕ್ಟರ್.

'ಬ್ಯಾಡಪ್ಪಾ, ಪುಡಿ ಆದ್ರೆ ದುಬೈಗೆ ಏನ್ ಕಳಿಸ್ಲಿ?'

ದುಬೈ ಅಂದದ್ದೇ ತಡ, ಅರ್ಧ ಬಸ್ಸು ಇತ್ತ ತಿರುಗಿತು. ನಾವೂ ಕಿವಿ ನಿಮಿರಿಸಿದೆವು.

ಇವರ ಮನೆ ಸರಸ್ವತಿ ನಗರದಲ್ಲಿ. ಮಗ, ಸೊಸೆ, ಮೊಮ್ಮಗಳು ದುಬೈನಲ್ಲಿ. ಡಬ್ಬಿಯೊಳಗೆ ಇರುವುದು ಕ್ರಿಸ್‌ಮಸ್‌ನ ಕುಸ್ವಾರ್. ಹಾಗಂದರೆ ಹಬ್ಬದ ತಿಂಡಿಗಳ ಒಟ್ಟು ಹೆಸರು. ನೆವ್ರಿ ಇದೆ, ಅದು ನಮ್ಮ ಕರ್ಜಿಕಾಯಿಯ ಖಾಸಾ ತಂಗಿ. ಎಳ್ಳುಂಡೆ ಇದೆ, ಚಕ್ಕುಲಿ ಇದೆ. ಎಲ್ಲಕ್ಕಿಂತ ಮುಖ್ಯ ಕಿಡಿಯೊ. ಕೊಂಕಣಿಯಲ್ಲಿ ಹಾಗಂದರೆ ಹುಳು! ಹೆದರಬೇಡಿ. ಮೈದಾ ಹಿಟ್ಟಿಗೆ ತೆಂಗಿನ ಹಾಲು ಹಾಕಿ ಕಲಸಿ, ಚಿಕ್ಕ ಚಿಕ್ಕ ಉಂಡೆ ಮಾಡಿ, ಫೋರ್ಕಿನ ಬೆನ್ನ ಮೇಲೋ ಹೊಸ ಬಾಚಣಿಗೆಯ ಮೇಲೋ ಒತ್ತಿ ಸುರುಳಿ ಸುತ್ತಿ, ಎಣ್ಣೆಯಲ್ಲಿ ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸಿದ್ದು. ನೋಡಲು ಹುಳು, ತಿನ್ನಲು ಗರಿಗರಿ.

ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ ಇದು. ಮನೆಮಂದಿಯೆಲ್ಲ ಸುತ್ತ ಕೂರಬೇಕು. 'ಮನೇಲಿ ಇರೋರು ನಾವಿಬ್ರೇ. ಅದಕ್ಕೇ ಹರಿಹರಕ್ಕೆ ನಾದಿನಿ ಮನೆಗೆ ಹೋಗಿ ಎಲ್ರೂ ಸೇರಿ ಮಾಡಿದ್ವಿ ಅಣ್ಣಾರೇ' ಎಂದರು.

ಈ ಮನೆತನಕ್ಕೆ ಊರು ಬಿಡುವುದು ಹೊಸದಲ್ಲ. ಅವರ ಮಾವನವರು ಮಂಗಳೂರು ಕಡೆಯಿಂದ ಬಂದು ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸೇರಿದವರು. 1941ರಲ್ಲಿ ಶುರುವಾಗಿ ದೇಶಕ್ಕೆಲ್ಲ ಲೇತ್ ಮಾಡಿಕೊಟ್ಟ ಆ ಕಾರ್ಖಾನೆ ಈಗಿಲ್ಲ. ಬಯಲುಸೀಮೆಗೆ ಬಂದ ಹೊಸದರಲ್ಲಿ ಅತ್ತೆಯವರಿಗೆ ಇದೇ ಪರದೇಶ. ತೆಂಗಿನಕಾಯಿಗೆ ಲೆಕ್ಕ, ಭಾಷೆಗೆ ತಡವರಿಕೆ. ಆದರೂ ಮೊದಲ ಡಿಸೆಂಬರಿನಲ್ಲೇ ಓಣಿಗೆಲ್ಲ ತಟ್ಟೆ ಹಂಚಿದರಂತೆ. 'ಅರೆ, ಕರ್ಜಿಕಾಯಿ!' ಎಂದರು ನೆರೆಯವರು. ಸಂಕ್ರಾಂತಿಗೆ ಅದೇ ತಟ್ಟೆಯಲ್ಲಿ ಎಳ್ಳು ಬೆಲ್ಲ ವಾಪಸು ಬಂತು. ಅವತ್ತಿಗೆ ಪರದೇಶ ಊರಾಯಿತು.

ಈಗ ಮಗನ ಸರದಿ. ದುಬೈನಲ್ಲಿ ಡಿಸೆಂಬರ್ 25 ಸರ್ಕಾರಿ ರಜೆಯಲ್ಲ. ಆದರೆ ಪೂಜೆಗೆ ಅಡ್ಡಿಯಿಲ್ಲ. ಅಲ್ಲಿನ ದೊರೆ ಶೇಖ್ ರಶೀದರು ಕೊಟ್ಟ ಜಾಗದಲ್ಲಿ 1967ರಲ್ಲೇ ಸೇಂಟ್ ಮೇರೀಸ್ ಚರ್ಚು ಎದ್ದಿದೆ. ಹಬ್ಬಕ್ಕೆ ಜನವೋ ಜನ. ಮಗ ಪೂಜೆ ಮುಗಿಸಿ ಬೆಳಿಗ್ಗೆ ಡ್ಯೂಟಿಗೆ ಹೋದ ವರ್ಷಗಳೂ ಉಂಟಂತೆ. ಇಲ್ಲಿ ನಡುರಾತ್ರಿ 12 ಹೊಡೆದಾಗ ಅಲ್ಲಿನ್ನೂ 10.30. ಆಗ ವೀಡಿಯೊ ಕಾಲ್. ಮೊಮ್ಮಗಳಿಗೆ ಅಜ್ಜನ ಮನೆಯ ಗೋದಲಿ ತೋರಿಸಲೇಬೇಕು. ಅದರಲ್ಲಿ ಅಜ್ಜ ಚೆಲ್ಲಿ ಬೆಳೆಸಿದ ರಾಗಿ ಪೈರು ಎಷ್ಟು ಎತ್ತರ ಬಂದಿದೆ ಎಂಬುದೂ ವರದಿಯಾಗಬೇಕು.

'ಕುಸ್ವಾರ್ ಈಗ ಅಲ್ಲಿನ ಅಂಗಡೀಲೇ ಸಿಗುತ್ತಂತಲ್ಲ ಅಕ್ಕಾರೇ? ಪಾರ್ಸೆಲ್ ಖರ್ಚು ತಿಂಡಿಗಿಂತ ಜಾಸ್ತಿ' ಎಂದೆವು, ವ್ಯಾಪಾರಸ್ಥರ ಊರಿನವರಲ್ಲವೇ ನಾವು!

'ಸಿಗ್ತೈತಿ. ಆದ್ರೆ ಅಂಗಡಿ ಪೊಟ್ಟಣ ಬಿಚ್ಚಿ "ಇದು ಯಾರ ಕೈದು" ಅಂತ ಕೇಳಾಕ್ ಆಗ್ತೈತೇನ್ರಿ?'

ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಕಿಡಿಯೊ ಸುರುಳಿ ಒಬ್ಬೊಬ್ಬರದು ಒಂದೊಂದು ನಮೂನೆ. ನಾದಿನಿಯದು ಬಿಗಿ, ಇವರದು ಉದ್ದ. ದುಬೈನಲ್ಲಿ ಡಬ್ಬಿ ತೆರೆದ ದಿನ ಇದು ಅತ್ತೆದು, ಇದು ಅಮ್ಮಂದು ಎಂದು ಮಗ ಗುರುತು ಹಿಡಿಯುತ್ತಾನೆ. ಮೊಮ್ಮಗಳೂ ಕಲಿತಿದ್ದಾಳೆ.

ಯಜಮಾನರು ಅಷ್ಟು ಹೊತ್ತಿಗೆ ಬಾಯಿ ಬಿಟ್ಟರು. 'ಈ ವರ್ಷ ಕೈ ನಡುಗ್ತಾವೆ. ನನ್ನವು ಸೊಟ್ಟ ಆಗ್ಯಾವೆ. ಬ್ಯಾಡ ಅಂದೆ, ಕೇಳ್ಲಿಲ್ಲ.'

'ಅವನ್ನೇ ಮೇಲ್ಗಡೆ ಇಟ್ಟೀನಿ' ಎಂದರು ಆಕೆ. 'ಮೊದ್ಲು ಕಣ್ಣಿಗೆ ಬೀಳ್ಲಿ. ಮುಂದಿನ ವರ್ಷ ರಜೆ ಹಾಕಿ ಬಂದ್ರೂ ಬಂದ.'

ಬಸ್ಸು ಸ್ಟ್ಯಾಂಡಿಗೆ ಬಂತು. ಕಂಡಕ್ಟರ್ ಮೊದಲು ತಾನಿಳಿದು, ಎರಡೂ ಕೈ ಚಾಚಿ ಡಬ್ಬಿ ಇಳಿಸಿಕೊಂಡ. ಬಲು ಜೋಪಾನವಾಗಿ.