ಬೀದಿಬಾಗಿಲಿನ ಕೋಣೆ ಯಾರಿಗೆ?

ಅವಲಪಲ್ಲಿಯಂತಹ, ಹೊಸೂರಿಗೆ ಅಂಟಿಕೊಂಡ ಊರುಗಳಲ್ಲಿ ನಮ್ಮ ಹಿರಿಯರು ಕಟ್ಟಿದ ಮನೆಗಳಿಗೆ ಒಂದು ಕ್ರಮವಿತ್ತು. ಬೀದಿಗೆ ಜಗುಲಿ, ಅದರ ಹಿಂದೆ ಪಡಸಾಲೆ, ನಡುಮನೆ, ಅಡುಗೆಮನೆ, ಮಗ್ಗುಲಲ್ಲಿ ದನದ ಕೊಟ್ಟಿಗೆ, ಬಚ್ಚಲು ಹಿತ್ತಿಲಿನಲ್ಲಿ. ಮುದುಕರಿಗೆಂದು ಬೇರೆ ಕೋಣೆ ಇರಲಿಲ್ಲ, ಬೇಕೆಂದು ಯಾರಿಗೂ ತೋರಿರಲೂ ಇಲ್ಲ. ಅವರ ಸ್ಥಾನ ಜಗುಲಿ. ಬಂದವರನ್ನು ಮೊದಲು ವಿಚಾರಿಸುವವರು ಅವರೇ. ಹೊರಟವರನ್ನು ಎಲ್ಲಿಗೆಂದು ಕೇಳಬಾರದೆಂಬ ಶಾಸ್ತ್ರವನ್ನು ಮುರಿಯುವ ಅಧಿಕಾರವಿದ್ದವರೂ ಅವರೇ.

1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ವಸಾಹತು ಬಂದಿತು. ಬಳಿಕ ಅಶೋಕ್ ಲೇಲ್ಯಾಂಡ್, ಟೈಟಾನ್ ಮೊದಲಾದ ಕಾರ್ಖಾನೆಗಳು ಬಂದವು. 2019ರಲ್ಲಿ ಹೊಸೂರು ಮಹಾನಗರ ಪಾಲಿಕೆಯೂ ಆಯಿತು. ದನಗಳು ಕಡಿಮೆಯಾದಂತೆ ಗೂಟ ಕಿತ್ತು, ನೆಲಕ್ಕೆ ಸಿಮೆಂಟು ಹಾಕಿ, ಕೊಟ್ಟಿಗೆಯನ್ನು ಬಾಡಿಗೆಗೆ ಕೊಡುವುದು ನಮ್ಮಲ್ಲಿ ರೂಢಿಯಾಯಿತು. ಹೀಗಿರುವಾಗ ಅಜ್ಜಿಗೆ ಮೊಣಕಾಲು ಹಿಡಿಯುತ್ತದೆ, ಅಥವಾ ಒಂಟಿಯಾದ ಸೋದರತ್ತೆಯನ್ನು ಕರೆತರಬೇಕಾಗುತ್ತದೆ. ಮನೆಯ ಒಂದು ಭಾಗವನ್ನು ಅವರಿಗೆ ಮಾಡಿಕೊಡೋಣವೆಂದು ಎಲ್ಲರೂ ಒಪ್ಪುತ್ತಾರೆ. ಯಾವ ಭಾಗವೆಂಬಲ್ಲಿ ಮಾತ್ರ ಮಾತು ನಿಲ್ಲುತ್ತದೆ. ಬೀದಿಗೆ ಬಾಗಿಲಿರುವ ಭಾಗಕ್ಕೆ ಬಾಡಿಗೆ ಬರುತ್ತದೆ. ಉಗ್ರಾಣದ ಪಕ್ಕದ ಕತ್ತಲೆಯ ಕೋಣೆಗೆ ಬರುವುದಿಲ್ಲ. ಆದ್ದರಿಂದ ಮುಂದಿನದು ಬಾಡಿಗೆದಾರನಿಗೆ, ಹಿಂದಿನದು ಅಜ್ಜಿಗೆ.

ಬಾಡಿಗೆಯ ಹಣವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮಕ್ಕಳ ಶಾಲೆಯ ಫೀಜು ಅದರಿಂದಲೇ ಸಂದಾಯವಾಗುವ ಮನೆಗಳನ್ನು ಬಲ್ಲೆವು. ಆದರೂ ಬೀದಿಬಾಗಿಲಿನ ಕೋಣೆ ಹಿರಿಯರಿಗೇ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ. ಮೊಮ್ಮಕ್ಕಳು ತಮಿಳು ಇಲ್ಲವೆ ಇಂಗ್ಲಿಷ್ ಶಾಲೆಯಿಂದ ಬರುವ ಹೊತ್ತಿಗೆ ಸಂಜೆಯಾಗಿರುತ್ತದೆ. ಹಗಲೆಲ್ಲ ಅಜ್ಜಿಗೆ ಮಾತಿರುವುದು ಬೀದಿಯೊಡನೆ: ಸೊಪ್ಪಿನವಳೊಡನೆ ತೆಲುಗು, ನೆರೆಮನೆಯವಳೊಡನೆ ಕನ್ನಡ, ಅಂಚೆಯವನೊಡನೆ ಬಂದಷ್ಟು ತಮಿಳು. ಹಿಂದಿನ ಕೋಣೆಗೆ ಹೋದ ದಿನ ಈ ಮೂರೂ ನಿಲ್ಲುತ್ತವೆ. ಮನೆಯಲ್ಲಿ ಕನ್ನಡ ಉಳಿಯಲಿಲ್ಲವೆಂದು ಸಭೆಗಳಲ್ಲಿ ಕೊರಗುವ ನಾವು, ಅದನ್ನು ನಿರರ್ಗಳವಾಗಿ ಆಡಬಲ್ಲವರನ್ನು ಎಲ್ಲಿ ಕೂರಿಸಿದ್ದೇವೆಂದು ನೋಡಿಕೊಳ್ಳುವುದು ಅಪರೂಪ.

ಇನ್ನು ಕೆಲಸದ ವಿಚಾರ. ಕೊಟ್ಟಿಗೆಯ ನೆಲ ಗಂಜಲ ಹರಿಯಲೆಂದು ಇಳಿಜಾರಾಗಿರುತ್ತದೆ. ಅದನ್ನು ಮಟ್ಟ ಮಾಡದೆ ಮಂಚ ಹಾಕಬಾರದು. ಗಂಜಲದ ಉಪ್ಪು ಹೀರಿದ ಗೋಡೆಗೆ ಹೊಸ ಸಿಮೆಂಟು ಬಳಿದರೆ ಕೆಲವೇ ಕಾಲದಲ್ಲಿ ಪದರ ಪದರವಾಗಿ ಉದುರುತ್ತದೆ. ಹಳೆಯ ಗಾರೆಯನ್ನು ಕೆರೆದು ತೆಗೆದು, ಗೋಡೆ ಚೆನ್ನಾಗಿ ಒಣಗಿದ ಮೇಲೆ ಸುಣ್ಣದ ಗಾರೆ ಹಾಕುವುದು ಮೇಲು. ಕಲ್ಲುಚಪ್ಪಡಿಯ ಸೂರಿದ್ದರೆ ಚಪ್ಪಡಿಗಳ ತುದಿ ಗೋಡೆಯ ಮೇಲೆಯೇ ಕುಳಿತಿರುತ್ತದೆ. ಆ ಗೋಡೆಯಲ್ಲಿ ಹೊಸ ಬಾಗಿಲು ತೆರೆಯುವಾಗ ಮೊದಲು ಆಸರೆ ಕೊಟ್ಟು ಮೇಲಡ್ಡ ಕೂರಿಸಬೇಕು. ಅನುಭವಿ ಮೇಸ್ತ್ರಿಯಲ್ಲದೆ ಬೇರೆಯವರ ಕೈಗೆ ಇದನ್ನು ಬಿಡಲಾಗದು. ಬಾಗಿಲು ಮೂರಡಿ ಅಗಲವಿದ್ದರೆ ಗಾಲಿಕುರ್ಚಿಯೂ ಹಾಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಬಚ್ಚಲು ಮತ್ತು ಕಕ್ಕಸು. ರಾತ್ರಿ ಹಿತ್ತಿಲಿಗೆ ಹೋಗುವ ದಾರಿಯೇ ಸೊಂಟ ಮುರಿಯುವ ದಾರಿ. ಬೇರೆ ಖರ್ಚುಗಳನ್ನು ಮುಂದೂಡಿಯಾದರೂ ಇವೆರಡನ್ನು ಕೋಣೆಗೆ ಹೊಂದಿಸಿಕೊಂಡೇ ಕಟ್ಟಿಸಬೇಕು. ಒರಟು ಕಲ್ಲಿನ ನೆಲ, ಕುಳಿತೇಳಲು ಗೋಡೆಗೆ ಭದ್ರವಾದ ಹಿಡಿ, ಹೊರಗಿನಿಂದಲೂ ತೆಗೆಯಬಹುದಾದ ಚಿಲಕ ಇರಲಿ. ಇಳಿಜಾರು ದಾರಿಗೆ ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕೆಂಬುದು ಲೆಕ್ಕ. ಅರ್ಧ ಅಡಿಯ ಹೊಸ್ತಿಲಿಗೆ ಆರಡಿ ಸಾಕು. ಎರಡಡಿಯ ಜಗುಲಿಗೆ ಇಪ್ಪತ್ನಾಲ್ಕು ಅಡಿ! ನಮ್ಮ ಬೀದಿಗಳಲ್ಲಿ ಅಷ್ಟು ಜಾಗವೆಲ್ಲಿ? ಅಲ್ಲಿ ತಗ್ಗಾದ, ಅಗಲವಾದ ಮೆಟ್ಟಿಲು, ಎರಡೂ ಬದಿಗೆ ಕಂಬಿ ಇರಲಿ.

ಮನೆ ಹಿರಿಯರ ಹೆಸರಿನಲ್ಲೇ ಇದ್ದು, ಕೋಣೆ ಕಟ್ಟಿಸುವ ನೆಪದಲ್ಲಿ ಪತ್ರವನ್ನು ಮಕ್ಕಳ ಹೆಸರಿಗೆ ಮಾಡಿಸುವುದುಂಟು. 2007ರ ಹಿರಿಯ ನಾಗರಿಕರ ಕಾಯಿದೆಯ 23ನೆಯ ಕಲಮಿನಂತೆ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯ ವರ್ಗಾವಣೆಯನ್ನು, ನೋಡಿಕೊಳ್ಳದಿದ್ದಲ್ಲಿ ನ್ಯಾಯಮಂಡಳಿ ರದ್ದುಪಡಿಸಬಹುದು. ಆದರೆ ಅಂತಹ ಷರತ್ತು ಇತ್ತೆಂಬುದು ಸಿದ್ಧವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿದೆ. ಆದ್ದರಿಂದ ಬಾಯಿಮಾತು ಸಾಲದು; ಕೋಣೆ, ಊಟ, ಔಷಧ ಇವನ್ನು ಪತ್ರದಲ್ಲಿಯೇ ಬರೆಸಬೇಕು. ಪತ್ರ ತಮಿಳಿನಲ್ಲಿರುತ್ತದೆ. ಕನ್ನಡವನ್ನಷ್ಟೇ ಓದಬಲ್ಲ, ಅಥವಾ ಯಾವುದನ್ನೂ ಓದಲಾರದ ಹಿರಿಯರಿಗೆ, ಆ ಆಸ್ತಿಯಲ್ಲಿ ಪಾಲಿಲ್ಲದ ಒಬ್ಬರಿಂದ ಅದನ್ನು ಕನ್ನಡದಲ್ಲಿ ಪೂರ್ತಿ ಓದಿ ಹೇಳಿಸಿದ ಮೇಲೆಯೇ ಹೆಬ್ಬೆಟ್ಟು ಒತ್ತಿಸತಕ್ಕದ್ದು.