ಕೀಲಿಕೈ ಯಾರ ಕೈಯಲ್ಲಿದೆ?

ತಾವರಗೇರಾದಲ್ಲಿ ನಮ್ಮದೊಂದು ಸಣ್ಣ ಬೀಜ–ಗೊಬ್ಬರದ ಅಂಗಡಿ ಇದೆ. ಮುಂಗಾರು ಶುರುವಾದರೆ ಅಪ್ಪನಿಗೆ ಗಲ್ಲಾ ಬಿಟ್ಟು ಏಳಲು ಆಗುವುದಿಲ್ಲ. ಗೋದಾಮಿನ ಕೀಲಿಕೈಯನ್ನು ಕೆಲಸದ ಹುಡುಗನಿಗೆ ಕೊಟ್ಟು, ಎಷ್ಟು ಚೀಲ ತರಬೇಕೆಂದು ಚೀಟಿ ಬರೆದು ಕಳಿಸುತ್ತಾರೆ. ಹುಡುಗ ಮಾಲೀಕನಲ್ಲ. ಆದರೆ ಕೀಲಿಕೈ ಇರುವ ಆ ಹತ್ತು ನಿಮಿಷ ಗೋದಾಮಿನ ಮಟ್ಟಿಗೆ ಅವನೇ ಮಾಲೀಕ.

ಬಿ.ಇ.ಯಲ್ಲಿ ಆಪರೇಟಿಂಗ್ ಸಿಸ್ಟಮ್ ಓದುವಾಗ ‘ಸೆಟ್‌ಯುಐಡಿ’ ಎಂಬ ಪದ ಬಂದಾಗ ನನಗೆ ನೆನಪಾಗಿದ್ದು ಆ ಹುಡುಗನೇ. ಯುನಿಕ್ಸ್‌ನಲ್ಲಿ ‘ರೂಟ್’ ಎಂದರೆ ಯಜಮಾನ. ಪಾಸ್‌ವರ್ಡ್‌ ಇರುವ ಕಡತವನ್ನು ತಿದ್ದುವ ಹಕ್ಕು ಅವನಿಗೆ ಮಾತ್ರ. ಹಾಗಾದರೆ ನಾವು ನಮ್ಮ ಪಾಸ್‌ವರ್ಡ್ ಬದಲಿಸುವುದು ಹೇಗೆ? ಕೆಲವು ಪ್ರೋಗ್ರಾಂಗಳನ್ನು ಯಾರೇ ಓಡಿಸಿದರೂ ಅವು ಯಜಮಾನನ ಅಧಿಕಾರದಲ್ಲೇ ಓಡುತ್ತವೆ. ಈ ಉಪಾಯ ಬೆಲ್ ಲ್ಯಾಬ್ಸ್‌ನ ಡೆನಿಸ್ ರಿಚಿ ಅವರದು. 1979ರಲ್ಲಿ ಅದಕ್ಕೆ ಪೇಟೆಂಟ್ ಕೂಡ ಸಿಕ್ಕಿತು. ಉಪಾಯ ಒಳ್ಳೆಯದೇ. ಆದರೆ ಅಂಥ ಪ್ರೋಗ್ರಾಂ ಒಂದು ತಪ್ಪು ಮಾಡಿದರೆ ಕೀಲಿಕೈ ಬೇರೆಯವರ ಪಾಲಾಗುತ್ತದೆ.

2022ರ ಜನವರಿ 25ರಂದು ಕ್ವಾಲಿಸ್ ಸಂಸ್ಥೆಯವರು ಬಯಲಿಗೆಳೆದ ‘ಪ್ವನ್‌ಕಿಟ್’ ದೋಷ ಅಂಥದ್ದೇ. ಲಿನಕ್ಸ್‌ನ ಹೆಚ್ಚಿನ ಆವೃತ್ತಿಗಳ ಜೊತೆಗೇ ಬರುವ ‘ಪಿಕೆಎಕ್ಸೆಕ್’ ಎಂಬ ಪ್ರೋಗ್ರಾಂನಲ್ಲಿ ಅದು 2009ರಿಂದ ಕೂತಿತ್ತು. ಆಗ ನಾನು ಅಂಗನವಾಡಿಗೆ ಹೋಗುತ್ತಿದ್ದೆ! ಯಾವ ಪ್ರೋಗ್ರಾಂ ಓಡಿಸಿದರೂ ಅದಕ್ಕೆ ಒಂದು ಪಟ್ಟಿ ಸಿಗುತ್ತದೆ. ಅದರಲ್ಲಿ ಕನಿಷ್ಠ ತನ್ನ ಹೆಸರಾದರೂ ಇರುತ್ತದೆ ಎಂದು ಪಿಕೆಎಕ್ಸೆಕ್ ನಂಬಿತ್ತು. ಪಟ್ಟಿಯನ್ನು ಖಾಲಿ ಕಳಿಸಿದರೆ ಅದು ಪಟ್ಟಿ ದಾಟಿ, ಮೆಮೊರಿಯಲ್ಲಿ ಪಕ್ಕದಲ್ಲಿದ್ದುದನ್ನು ಓದುತ್ತಿತ್ತು, ಅಲ್ಲೇ ಬರೆಯುತ್ತಲೂ ಇತ್ತು. ಖಾಲಿ ಚೀಟಿ ಕೊಟ್ಟರೆ ಹುಡುಗ ಅದರ ಕೆಳಗಿದ್ದ ಬೇರೆ ಯಾರದೋ ಚೀಟಿ ಓದಿಕೊಂಡು ಗೋದಾಮಿಗೆ ಹೋದಂತೆ. ಅದರಿಂದ ಸಾಮಾನ್ಯ ಬಳಕೆದಾರನೂ ರೂಟ್ ಆಗಬಹುದಿತ್ತು. ಅದಕ್ಕೂ ಒಂದು ವರ್ಷ ಮೊದಲು ‘ಸುಡೊ’ದಲ್ಲಿ ಸಿಕ್ಕ ದೋಷಕ್ಕೂ ಸುಮಾರು ಹತ್ತು ವರ್ಷ ವಯಸ್ಸಾಗಿತ್ತು.

ಇದನ್ನು ಓದಿ, ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲೇ ಪ್ರಯೋಗ ಮಾಡಿ ನೋಡಿದೆ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಪರದೆಯ ಮೇಲೆ ‘ರೂಟ್’ ಎಂದು ಬಂತು. ಖುಷಿಗಿಂತ ಭಯವೇ ಹೆಚ್ಚಾಯಿತು.

ಮರುವಾರ ಪ್ರಾಕ್ಟಿಕಲ್ ಬೇಗ ಮುಗಿಯಿತು. ಕುತೂಹಲಕ್ಕೆ ಲ್ಯಾಬಿನ ಕಂಪ್ಯೂಟರಿನಲ್ಲಿ ಆವೃತ್ತಿ ಸಂಖ್ಯೆ ನೋಡಿದೆ. ಅದು ವರ್ಷಗಳಿಂದ ಅಪ್‌ಡೇಟ್ ಆಗಿರಲಿಲ್ಲ. ಪಕ್ಕದಲ್ಲಿದ್ದ ಗೆಳೆಯ ಪಿಸುಗುಟ್ಟಿದ: ‘ಲೇ, ಒಂದ್ಸಲ ಓಡಿಸಿ ನೋಡೋಣ್ಲೇ. ಇಂಟರ್ನಲ್ ಮಾರ್ಕ್ಸ್ ಎಲ್ಲಾ ಸರ್ ಇದರಾಗ ಇಟ್ಟಾರ.’ ಅವನಿಗೆ ಹಾಜರಾತಿ ಕಡಿಮೆ, ನನಗೆ ಗಣಿತದ ಅಂಕ ಕಡಿಮೆ. ಸುಳ್ಳೇಕೆ ಹೇಳಲಿ, ಬೆರಳು ಒಂದು ಕ್ಷಣ ಕೀಬೋರ್ಡ್ ಮೇಲೇ ಇದ್ದವು. ಆದರೆ ಗೋದಾಮಿನ ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಚೀಲ ಹೊತ್ತುಕೊಂಡು ಹೋಗಬಹುದೇ? ಅನುಮತಿಯಿಲ್ಲದೆ ಹೀಗೆ ನುಗ್ಗಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಎದ್ದು ಹೊರಗೆ ಬಂದೆ.

ಮರುದಿನ ಸರ್‌ಗೆ ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ, ‘ಏನ್ ಮಾಡಿದಿ ಅದರಾಗ?’ ಹಾಲ್ ಟಿಕೆಟ್ಟೇ ಹೋಯಿತೇನೋ ಅನ್ನಿಸಿತು. ‘ಏನೂ ಮಾಡಿಲ್ರಿ ಸರ್, ನಂಬರ್ ಅಷ್ಟ ನೋಡೀನ್ರಿ’ ಎಂದು, ಬರೆದುಕೊಂಡಿದ್ದ ಹಾಳೆ ಮುಂದಿಟ್ಟೆ. ಅವರು ಬಹಳ ಹೊತ್ತು ಓದಿದರು. ಶನಿವಾರ ನನ್ನನ್ನೇ ಕರೆದರು. ಇಬ್ಬರೂ ಕೂತು ಒಂದೊಂದೇ ಕಂಪ್ಯೂಟರ್ ಅಪ್‌ಡೇಟ್ ಮಾಡಿದೆವು. ಗೆಳೆಯ ಎರಡು ವಾರ ನನ್ನೊಂದಿಗೆ ಮಾತಾಡಲಿಲ್ಲ.

ಅಂದು ಕಲಿತದ್ದು ಪಠ್ಯದಲ್ಲಿ ಇರಲಿಲ್ಲ. ಮೊದಲು, ಯಾವ ಯಾವ ಪ್ರೋಗ್ರಾಂ ಬಳಿ ಯಜಮಾನನ ಕೀಲಿಕೈ ಇದೆ ಎಂದು ‘ಫೈಂಡ್’ ಕಮಾಂಡ್‌ನಿಂದ ಪಟ್ಟಿ ಮಾಡಬೇಕು. ಬೇಡದವುಗಳಿಂದ ‘ಸಿಎಚ್‌ಮಾಡ್’ ಬಳಸಿ ಆ ಅಧಿಕಾರ ಕಿತ್ತುಕೊಳ್ಳಬೇಕು. ಪ್ವನ್‌ಕಿಟ್ ಬಂದಾಗ ಅಪ್‌ಡೇಟ್ ಸಿಗದವರಿಗೆ ಸೂಚಿಸಿದ್ದ ತಾತ್ಕಾಲಿಕ ಮದ್ದು ಕೂಡ ಇದೇ. ಪೂರ್ತಿ ಗೊಂಚಲು ಕೊಡುವ ಬದಲು ಒಂದೇ ಕೀಲಿಕೈ ಕೊಡುವ ದಾರಿಯೂ ಇದೆ. ಲಿನಕ್ಸ್‌ನಲ್ಲಿ ಅದಕ್ಕೆ ‘ಕೇಪಬಿಲಿಟಿ’ ಎನ್ನುತ್ತಾರೆ. ‘ಪಿಂಗ್’ಗೆ ನೆಟ್‌ವರ್ಕ್‌ನ ಒಂದು ಅಧಿಕಾರ ಸಾಕು, ರೂಟ್ ಆಗಬೇಕಿಲ್ಲ. ಮೆಮೊರಿಯ ತಪ್ಪುಗಳನ್ನು ತಡೆಯುವ ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆದ ಸುಡೊ 2025ರ ಅಕ್ಟೋಬರ್‌ನಲ್ಲಿ ಬಂದ ಉಬುಂಟು 25.10ರಲ್ಲಿದೆ. ಇಷ್ಟೆಲ್ಲ ಇದ್ದರೂ ಅಪ್‌ಡೇಟ್ ಮಾಡದಿದ್ದರೆ ಯಾವುದೂ ಉಪಯೋಗಕ್ಕೆ ಬಾರದು.

ಸೈಬರ್ ಸುರಕ್ಷತೆಯಲ್ಲಿ ಕೆಲಸ ಹುಡುಕುವ ಗೆಳೆಯರೇ, ಇದನ್ನು ಕಲಿಯಲು ದುಬಾರಿ ಕೋರ್ಸ್ ಬೇಕಿಲ್ಲ. ಹಳೆಯ ಲ್ಯಾಪ್‌ಟಾಪ್ ಸಾಕು. ಆದರೆ ಅದು ನಿಮ್ಮದಾಗಿರಬೇಕು.

ರಜೆಗೆ ಊರಿಗೆ ಹೋದಾಗ ಅಪ್ಪನಿಗೆ ಈ ಕಥೆ ಹೇಳಿದೆ. ಕೇಳಿ ನಕ್ಕರು. ಸಂಜೆ ನೋಡಿದರೆ ಗೊಂಚಲಿನಿಂದ ಗೋದಾಮಿನ ಕೀಲಿಕೈಯನ್ನು ಮಾತ್ರ ಬಿಡಿಸಿ ಬೇರೆ ದಾರಕ್ಕೆ ಕಟ್ಟುತ್ತಿದ್ದರು. ಗಲ್ಲಾದ್ದು, ಮನೆಯದ್ದು ಅವರ ಜೇಬಿನಲ್ಲೇ ಉಳಿದವು.