ಹರಿಹರದ ಹೊಳೆಯ ತವರು

ಹರಿಹರೇಶ್ವರನ ಸನ್ನಿಧಿಯ ಬಳಿ ಹರಿಯುವ ತುಂಗಭದ್ರೆಯೂ, ಭದ್ರಾ ನಾಲೆಯ ಮೂಲಕ ಬಂದು ಕುಂದುವಾಡ ಕೆರೆಯನ್ನು ತುಂಬಿ ದಾವಣಗೆರೆಯ ದಾಹವನ್ನು ತಣಿಸುವ ಜಲವೂ ಒಂದೇ ಗಿರಿಗರ್ಭದಿಂದ ಹೊರಟವುಗಳು. ಅದೇ ಸಹ್ಯಾದ್ರಿಯ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಂಗಾಮೂಲ.

1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ, ಸುಮಾರು 600 ಚದರ ಕಿಲೋಮೀಟರ್ ವಿಸ್ತಾರದ ಈ ಅರಣ್ಯದಲ್ಲಿ, ಸುಮಾರು 1,890 ಮೀಟರ್ ಎತ್ತರದ ಶಿಖರವನ್ನು ಸುತ್ತುವರಿದ ಹುಲ್ಲುಗಾವಲುಗಳೂ, ಕಣಿವೆಗಳ ಮಡಿಲಲ್ಲಿ ಅಡಗಿದ ಶೋಲಾ ಕಾಡುಗಳೂ ಮುಂಗಾರಿನ ವರ್ಷಧಾರೆಯನ್ನು ಹೀರಿಕೊಂಡು, ಮಳೆ ನಿಂತ ತಿಂಗಳುಗಳಲ್ಲಿಯೂ ತೊರೆತೊರೆಯಾಗಿ ಮೆಲ್ಲನೆ ಬಿಟ್ಟುಕೊಡುತ್ತವೆ. ಹುಲಿ, ಚಿರತೆ, ಕಾಟಿ, ಕಡವೆಗಳಿಗೆ ಆಶ್ರಯವಾದ ಈ ವನದಲ್ಲಿ, ಪಶ್ಚಿಮ ಘಟ್ಟಗಳ ಹೊರತು ಜಗತ್ತಿನ ಬೇರಾವ ಕಾಡಿನಲ್ಲಿಯೂ ಕಾಣಸಿಗದ ಸಿಂಗಳೀಕವು, ನೆಲಕ್ಕಿಳಿಯುವುದೇ ವಿರಳವೆಂಬಂತೆ ಕೊಂಬೆಯಿಂದ ಕೊಂಬೆಗೆ ಸಂಚರಿಸುತ್ತ ಬಾಳುವುದರಿಂದ, ಮರಗಳ ಮೇಲ್ಛಾವಣಿ ಹರಿದರೆ ಅದರ ಹಾದಿಯೇ ಹರಿದಂತೆ.

ಇಲ್ಲಿಯ ಕಬ್ಬಿಣದ ಅದಿರಿನ ಗಣಿಗಾರಿಕೆ, ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದ ತರುವಾಯ, 2005ರ ಅಂತ್ಯಕ್ಕೆ ನಿಂತಿತು. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾದ ಹೊಳೆಯಾಗಿಯೂ, ಭದ್ರಾ ನಾಲೆಯಾಗಿಯೂ ನಮ್ಮೆಡೆಗೆ ಬರುವ ನೀರನ್ನು ಕುಡಿದು, ಅದರಿಂದಲೇ ಭತ್ತ ಬೆಳೆದು ಬಾಳುವ ನಾವು, ಆ ದೂರದ ಬೆಟ್ಟದ ರಕ್ಷಣೆಯನ್ನು ನಮ್ಮೂರಿನ ರಕ್ಷಣೆಯೆಂದೇ ಬಗೆಯತಕ್ಕದ್ದು.